ಬೆಳೆದ ಜರ್ಮನ್ ಶೆಫರ್ಡ್ ತಂದರೆ ನಮ್ಮ ಮನೆಗೆ ಹೊಂದಿಕೊಳ್ಳುತ್ತಾ?

ಪ್ರಶ್ನೆ: ಬೆಂಗಳೂರಿನ ಒಂದು ರೆಸ್ಕ್ಯೂ ಗುಂಪಿನವರ ಹತ್ತಿರ ನಾಲ್ಕು ವರ್ಷದ ಜರ್ಮನ್ ಶೆಫರ್ಡ್ ಇದೆ. ನಮಗೆ ತುಂಬಾ ಇಷ್ಟವಾಗಿದೆ. ಆದರೆ ಮನೆಯಲ್ಲಿ ದೊಡ್ಡವರು, ಮರಿಯಿಂದ ಸಾಕಿದರೆ ಮಾತ್ರ ನಾಯಿ ನಮ್ಮ ಮಾತು ಕೇಳುತ್ತೆ ಅಂತಾರೆ. ನಿಜವಾ? ನಮಗೆ ಏಳು ವರ್ಷದ ಮಗನಿದ್ದಾನೆ.

ಉತ್ತರ: ಮಾತು ಕೇಳುತ್ತೆ, ಆ ಚಿಂತೆ ಬಿಡಿ. ದಿನಾ ಊಟ ಹಾಕಿ, ಹೊತ್ತಿಗೆ ಸರಿಯಾಗಿ ಹೊರಗೆ ಕರೆದುಕೊಂಡು ಹೋಗುವವರು ಯಾರೋ, ಈ ಜಾತಿಯ ನಾಯಿ ಅವರ ಹಿಂದೆ ಬಚ್ಚಲ ಬಾಗಿಲವರೆಗೂ ಬರುತ್ತದೆ. ನಾನು ಯೋಚಿಸುತ್ತಿರುವುದು ನಿಮ್ಮ ಮಗನ ಬಗ್ಗೆ, ಅವನ ಓಡಾಟದ ಬಗ್ಗೆ.

ಇದು ಮೂಲತಃ ಕುರಿ ನಾಯಿ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಹೋರಾಂಡ್ ಎಂಬ ನಾಯಿಯನ್ನು ಕೊಂಡು ಈ ತಳಿಗೆ ಅಡಿಪಾಯ ಹಾಕಿದ. ಅಲ್ಲಿ ಬೇಲಿ ಇಲ್ಲದ ಹೊಲಗಳ ನಡುವೆ ಕುರಿ ಮೇಯುತ್ತಿದ್ದವು. ಪಕ್ಕದ ಬೆಳೆಗೆ ಬಾಯಿ ಹಾಕದಂತೆ ನಾಯಿ ಅಂಚಿನುದ್ದಕ್ಕೂ ಹಿಂದೆ ಮುಂದೆ ಓಡುತ್ತಾ ತಾನೇ ಬೇಲಿಯಾಗಬೇಕಿತ್ತು. ಗೆರೆ ದಾಟಿದ ಕುರಿಗೆ ಬಾಯಿಂದ ಒಂದು ಹಿಡಿತ, ಅಷ್ಟೇ. ನಮ್ಮ ಕುರುಬರ ಜೊತೆಗಿರುವ ನಾಯಿಗಳ ಕೆಲಸ ಬೇರೆ. ಅವು ತೋಳ, ಕಳ್ಳರಿಂದ ಹಿಂಡು ಕಾಯುತ್ತವೆ. ಕುರಿ ತಿರುಗಿಸುವುದು ಕುರುಬನ ಕೂಗು, ಕೋಲು.

ಈಗ ನಿಮ್ಮ ಮನೆಗೆ ಬನ್ನಿ. ಸಂಜೆ ಮಗ ಮತ್ತು ಅವನ ಗೆಳೆಯರು ಹಾಲ್‌ನಲ್ಲಿ ಸೋಫಾ ಸುತ್ತ ಓಡುತ್ತಾರೆ. ಮಲಗಿದ್ದ ನಾಯಿ ಎದ್ದು ಅವರ ಸುತ್ತ ಅರ್ಧ ಸುತ್ತು ಹಾಕುತ್ತದೆ. ಭುಜದಿಂದ ಒಬ್ಬನನ್ನು ಗೋಡೆ ಕಡೆ ಒತ್ತುತ್ತದೆ. ಅವನು ನಿಲ್ಲಲಿಲ್ಲ ಅಂದರೆ ಚಡ್ಡಿಯ ಅಂಚೋ ಕಾಲಿನ ಹಿಂಭಾಗವೋ ಬಾಯಿಗೆ ಬರುತ್ತದೆ. ಇದರಲ್ಲಿ ಸಿಟ್ಟಿಲ್ಲ. ಆದರೆ ಮೂವತ್ತು ಕಿಲೋ ಮೇಲಿನ ನಾಯಿಯ ಹಲ್ಲು ತಾಕಿದಾಗ ಮಗುವಿಗೂ ಪಕ್ಕದ ಮನೆಯವರಿಗೂ ಅದೆಲ್ಲ ಗೊತ್ತಾಗಲ್ಲ ಅಲ್ವಾ? ಸ್ಕೂಟರ್, ಸೈಕಲ್ ಹಿಂದೆ ಬೀಳುವುದೂ, ಗೇಟಿನುದ್ದಕ್ಕೂ ಓಡುತ್ತಾ ಬೊಗಳುವುದೂ ಇದೇ ಗುಣದಿಂದ.

ಬೆಳೆದ ನಾಯಿ ತರುವುದರ ದೊಡ್ಡ ಲಾಭ ಇರುವುದು ಇಲ್ಲೇ. ಮರಿ ಮುಂದೆ ಹೇಗಾಗುತ್ತೆ ಅಂತ ಯಾರೂ ಹೇಳಲಾರರು. ನಾಲ್ಕು ವರ್ಷದ ನಾಯಿ ಹೇಗಿದೆ ಅಂತ ಫಾಸ್ಟರ್ ಮನೆಯವರು, ಅಂದರೆ ದತ್ತು ಹೋಗುವವರೆಗೆ ತಾತ್ಕಾಲಿಕವಾಗಿ ಸಾಕುವವರು, ಹೇಳಬಲ್ಲರು. 'ಒಳ್ಳೇ ನಾಯಿನಾ?' ಅಂತ ಕೇಳಬೇಡಿ. ಎಲ್ಲರೂ ಹೌದು ಅಂತಾರೆ. ಮಕ್ಕಳು ಓಡಿದಾಗ ಏನು ಮಾಡುತ್ತೆ, ತಟ್ಟೆ ಹತ್ತಿರ ಕೈ ತಂದರೆ ಗುರ್ ಅನ್ನುತ್ತಾ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತಾ, ಬೀದಿ ನಾಯಿ ಎದುರಾದರೆ ಎಷ್ಟು ಎಳೆಯುತ್ತೆ, ಹಿಂದಿನ ಮನೆಯವರು ಯಾಕೆ ಬಿಟ್ಟರು ಅಂತ ಕೇಳಿ. ಎಷ್ಟೋ ಸಲ ಕಾರಣ ಸುಮ್ನೆ ಮನೆ ಬದಲಾವಣೆ, ವಿದೇಶದ ಕೆಲಸ ಅಷ್ಟೇ ಇರುತ್ತದೆ. ಮಗನನ್ನೂ ಕರೆದುಕೊಂಡು ಒಂದಕ್ಕಿಂತ ಹೆಚ್ಚು ಸಲ ಹೋಗಿ. ಕಚ್ಚಿದ ಚರಿತ್ರೆ ಇದ್ದರೆ, ಚಿಕ್ಕ ಮಗು ಇರುವ ಮನೆಗೆ ನಾನಂತೂ ಬೇಡ ಅಂತೀನಿ.

ಮೆಟ್ಟಿಲು ಹತ್ತುವುದನ್ನೂ ಗಮನಿಸಿ. ಹಿಂಗಾಲು ಎರಡನ್ನೂ ಮೊಲದ ಹಾಗೆ ಒಟ್ಟಿಗೆ ಎತ್ತಿಟ್ಟರೆ ಸೊಂಟದ ಕೀಲು ಸರಿಯಿಲ್ಲದಿರಬಹುದು. ಈ ತಳಿಯಲ್ಲಿ ಅದು ಸಾಮಾನ್ಯ. ಎಕ್ಸ್‌ರೇ ಮಾಡಿಸಬೇಕು. ರಕ್ತ ಪರೀಕ್ಷೆಯೂ ಆಗಲಿ, ಅದರಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅಂತ ನೋಡಿ. ಉಣ್ಣಿ ಹುಳ ಕಚ್ಚಿ ಬರುವ, ಪ್ಲೇಟ್‌ಲೆಟ್ ಇಳಿಸುವ ಟಿಕ್ ಫೀವರ್‌ನಲ್ಲಿ ಎರ್ಲಿಕಿಯಾ ಅನ್ನುವ ಬಗೆ ಜರ್ಮನ್ ಶೆಫರ್ಡ್‌ಗೆ ಬೇರೆ ನಾಯಿಗಳಿಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ರೇಬೀಸ್ ಲಸಿಕೆ, ಸಂತಾನಹರಣದ ಚೀಟಿ ಗುಂಪಿನವರೇ ಕೊಡುತ್ತಾರೆ. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ.

ಮನೆಗೆ ತಂದ ಮೇಲೆ ಮೊದಲ ಎರಡು ವಾರ ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಒಂದು ಮೂಲೆ, ಒಂದು ಹಾಸಿಗೆ, ನೀರು ಇದ್ದರೆ ಸಾಕು. ಒಳಗೂ ಉದ್ದದ ಹಗ್ಗ ಕಟ್ಟಿರಲಿ. ಯಾರೂ ನೋಡಿಕೊಳ್ಳದಾಗ ಮಗ ಮತ್ತು ನಾಯಿ ಬೇರೆ ಬೇರೆ ಕೋಣೆಯಲ್ಲಿರಲಿ. ಮೊದಲ ದಿನಗಳಲ್ಲಿ ಬಾಲ ಮಡಚಿಕೊಂಡು ಸುಮ್ಮನೆ ಮಲಗಿದ ನಾಯಿಯ ನಿಜವಾದ ಸ್ವಭಾವ ಮೂರ್ನಾಲ್ಕು ವಾರದ ಮೇಲೆ ಹೊರಬರುವುದುಂಟು. ಗೇಟಿನ ಬೊಗಳಾಟ ಶುರುವಾಗುವುದು ಆಗಲೇ. ನಾಯಿ ಕೆಟ್ಟಿತು ಅಂತ ಗಾಬರಿಯಾಗಬೇಡಿ.

ದಿನಕ್ಕೆ ಎರಡು ವಾಕಿಂಗ್ ಇದಕ್ಕೆ ಏನೇನೂ ಸಾಲದು, ತಲೆಗೂ ಕೆಲಸ ಬೇಕು. ಊಟವನ್ನು ತಟ್ಟೆಗೆ ಸುರಿಯುವ ಬದಲು ಹಳೇ ಟವಲ್‌ನಲ್ಲಿ ಸುತ್ತಿಡಿ, ಬಾಲ್ಕನಿಯಲ್ಲಿ ಅಲ್ಲಲ್ಲಿ ಬಚ್ಚಿಡಿ. ಮೂಸಿ ಮೂಸಿ ಹುಡುಕಲಿ. ಮಗನಿಗೂ ಒಂದು ಕೆಲಸ ಕೊಡಿ. ನಾಯಿ ಹತ್ತಿರ ಬಂದು ಒತ್ತಿದರೆ ಅವನು ಮರದಂತೆ ನಿಂತುಬಿಡಲಿ. ಓಟ ನಿಂತರೆ ಆಟವೂ ನಿಲ್ಲುತ್ತದೆ. ನಾಯಿಯನ್ನು ಹೆಸರು ಹಿಡಿದು ಕರೆಯುವುದು, ಬಂದಾಗ ತಿಂಡಿ ಕೊಡುವುದು ದೊಡ್ಡವರ ಕೆಲಸ.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರಾಗಿದ್ದರೆ ಈ ನಾಯಿ ಬೇಡ. ಅದೇ ಗುಂಪಿನವರ ಹತ್ತಿರ ಸೋಫಾದಲ್ಲಿ ಮಲಗುವುದೇ ಇಷ್ಟವಿರುವ ನಾಲ್ಕು ವರ್ಷದ ನಾಟಿ ನಾಯಿ ಇದ್ದೇ ಇರುತ್ತದೆ, ಅದನ್ನು ನೋಡಿ. ಮನೆಯಲ್ಲಿ ಯಾರಾದರೂ ಇರುವವರಾದರೆ, ದತ್ತು ಪತ್ರಕ್ಕೆ ಸಹಿ ಹಾಕುವ ಮುಂಚೆ ಒಂದು ತಿಂಗಳು ಫಾಸ್ಟರ್ ಆಗಿ ಇಟ್ಟುಕೊಳ್ಳಲು ಬಿಡುತ್ತಾರಾ ಅಂತ ಗುಂಪಿನವರನ್ನು ಕೇಳಿ.