ಪೀಮ್ ಅಂದರೆ ಎಷ್ಟು ಗ್ರಾಂ?

ಹೀಬ್ರೂ ಬೈಬಲ್‌ನಲ್ಲಿ ಒಂದೇ ಒಂದು ಸಲ ಬಂದು ಮಾಯವಾಗುವ ಪದಗಳು ಸುಮಾರು 1,500 ಇವೆ. ಹೆಚ್ಚಿನವುಗಳ ಅರ್ಥ ಹೇಗೋ ಸಿಕ್ಕಿಬಿಡುತ್ತದೆ, ಅವುಗಳ ನಂಟಿನ ಪದ ಇನ್ನೆಲ್ಲೋ ಇರುತ್ತದೆ. ಕೆಲವು ಮಾತ್ರ ಪೂರ್ತಿ ಒಂಟಿ. ಅವುಗಳಲ್ಲಿ ನನಗೆ ಬಲು ಇಷ್ಟವಾದದ್ದು ‘ಪೀಮ್’. ಯಾಕೆಂದರೆ ಅದರ ಅರ್ಥವನ್ನು ತಕ್ಕಡಿಯಲ್ಲಿ ತೂಗಿ ಕಂಡುಹಿಡಿದರು!

ಈ ಪದ ಇರುವುದು ಸಮುವೇಲನ ಮೊದಲ ಪುಸ್ತಕದ 13:21ರಲ್ಲಿ. ಸೌಲ ರಾಜನ ಕಾಲದ ಕಥೆ. ಇಸ್ರಾಯೇಲ್ಯರ ನಾಡಿನಲ್ಲಿ ಒಬ್ಬ ಕಮ್ಮಾರನೂ ಇಲ್ಲ. ಇದ್ದರೆ ಕತ್ತಿ, ಈಟಿ ಮಾಡಿಕೊಂಡಾರು ಅಂತ ಫಿಲಿಷ್ಟಿಯರಿಗೆ ಹೆದರಿಕೆ. ಹಾಗಾಗಿ ನೇಗಿಲ ಕುಳ, ಗುದ್ದಲಿ, ಕೊಡಲಿ ಮೊಂಡಾದರೆ ರೈತರು ಅವನ್ನೆಲ್ಲ ಹೊತ್ತುಕೊಂಡು ಶತ್ರುವಿನ ಹತ್ತಿರವೇ ಹೋಗಬೇಕು. ಇಷ್ಟು ಹೇಳಿದ ಮೇಲೆ ಬರುವ ವಾಕ್ಯದಲ್ಲಿ ‘ಪೀಮ್’ ಇದೆ, ಅದಕ್ಕೆ ಅಂಟಿಕೊಂಡೇ ‘ಪೆತ್ಸೀರಾ’ ಅನ್ನುವ ಇನ್ನೊಂದು ಒಂಟಿ ಪದ. ಅನುವಾದಕರ ಪಾಡು ಕೇಳಬೇಡಿ.

ಹೀಬ್ರೂವಿನಲ್ಲಿ ‘ಪೆ’ ಅಂದರೆ ಬಾಯಿ. ಕತ್ತಿಯ ಅಲಗಿಗೂ ಬಾಯಿ ಅಂತಲೇ ಹೇಳುತ್ತಾರೆ. ಹಾಗಾಗಿ ಹಳೆಯ ಯಹೂದಿ ವ್ಯಾಖ್ಯಾನಕಾರರು ಇದನ್ನು ತುಂಬ ಬಾಯಿಗಳಿರುವ ಸಾಧನ, ಅಂದರೆ ಅರ ಅಂದುಕೊಂಡರು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ಕೂಡ ‘ಆದರೂ ಅವರ ಬಳಿ ಒಂದು ಅರ ಇತ್ತು’ ಎಂದೇ ಬರೆಯಿತು. ಗೋಳಿನ ಕಥೆಯ ಬಾಲಕ್ಕೆ ಸಮಾಧಾನ ಬಂದು ಕೂತಿತು ನೋಡಿ. ಮನೆಯಲ್ಲೇ ಉಜ್ಜಿಕೊಳ್ಳುವ ಹಾಗಿದ್ದರೆ ಫಿಲಿಷ್ಟಿಯರ ಬಾಗಿಲಿಗೆ ಹೋಗುವುದಾದರೂ ಯಾಕೆ, ಅಲ್ವಾ?

20ನೇ ಶತಮಾನದಲ್ಲಿ ಗೆಜೆರ್, ಲಾಖೀಷ್, ಜೆರುಸಲೇಮ್ ಮುಂತಾದ ಕಡೆ ಅಗೆದಂತೆಲ್ಲ ಸುಣ್ಣದಕಲ್ಲಿನ ಪುಟ್ಟ ಗುಂಡುಗಳು ಸಿಗುತ್ತ ಬಂದವು. ತಳ ಚಪ್ಪಟೆ, ತಲೆ ಗುಮ್ಮಟದ ಹಾಗೆ ದುಂಡಗೆ. ಆ ದುಂಡುತಲೆಯ ಮೇಲೆ ಮೂರೇ ಅಕ್ಷರ ಕೊರೆದಿದ್ದಾರೆ: ಪ, ಯ, ಮ. ಬೈಬಲ್‌ನಲ್ಲಿರುವುದೂ ಇದೇ ಮೂರು ವ್ಯಂಜನ, ಸ್ವರದ ಗುರುತುಗಳನ್ನು ಸೇರಿಸಿದ್ದು ಎಷ್ಟೋ ಶತಮಾನಗಳ ಮೇಲೆ. ಇವು ತೂಕದ ಕಲ್ಲುಗಳು. ಸರಾಸರಿ ತೂಕ ಸುಮಾರು 7.8 ಗ್ರಾಂ.

ಅದೇ ಕಾಲದ ಶೆಕೆಲ್ ಕಲ್ಲುಗಳೂ ಸಿಕ್ಕಿವೆ. ಒಂದು ಶೆಕೆಲ್ ಅಂದರೆ ಸುಮಾರು 11.3 ಗ್ರಾಂ. ನಮ್ಮ ತೊಲ 11.66 ಗ್ರಾಂ, ಅದಕ್ಕಿಂತ ಒಂಚೂರು ಕಮ್ಮಿ (ನಂಟು ಹುಡುಕಬೇಡಿ, ಸುಮ್ನೆ ಅಂದಾಜಿಗೆ ಹೇಳಿದೆ). 7.8ನ್ನು 11.3ರಿಂದ ಭಾಗಿಸಿದರೆ 0.69. ಕೈಯಲ್ಲಿ ಕೆತ್ತಿದ ಕಲ್ಲು, ಒಂದಿಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಒಂದೇ ಕಲ್ಲು ಸಿಕ್ಕಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ. ಹತ್ತಾರು ಕಲ್ಲು ಒಂದೇ ಕಡೆ ವಾಲಿದಾಗ ಮೂರನೇ ಎರಡು ಪಾಲು ಅನ್ನುವುದು ಗಟ್ಟಿಯಾಗುತ್ತದೆ. ಜೊತೆಗೆ ಬೇರೆ ತೂಕಗಳೂ ಇವೆ: ಬೆಕ ಅಂದರೆ ಅರ್ಧ ಶೆಕೆಲ್, ನೆತ್ಸೆಫ್ ಅಂದರೆ ಶೆಕೆಲ್‌ನ ಸುಮಾರು ಆರನೇ ಐದು ಪಾಲು. ಹೀಗೆ ಇಡೀ ಸರಣಿಯೇ ಇದೆ. ಇನ್ನೂ ಮಜಾ ಏನೆಂದರೆ 8 ಶೆಕೆಲ್ ಕಲ್ಲಿನ ಮೇಲೆ ಈಜಿಪ್ಟಿನ ಬರಹದ 10ರ ಅಂಕಿ ಇರುತ್ತದೆ. 8 ಶೆಕೆಲ್ ಅಂದರೆ ಸುಮಾರು 91 ಗ್ರಾಂ, ಈಜಿಪ್ಟಿನವರ 10 ಕೆದೆತ್ ಕೂಡ ಅಷ್ಟೇ. ಎರಡು ದೇಶದ ವ್ಯಾಪಾರಿಗಳು ಒಂದೇ ತಕ್ಕಡಿಯ ಮುಂದೆ ಜಗಳವಿಲ್ಲದೆ ಕೂರಬಹುದಿತ್ತು.

ಈಗ ವಾಕ್ಯಕ್ಕೆ ಬನ್ನಿ. ಆ ನಾಡಿನಲ್ಲಿ ಆಗ ನಾಣ್ಯ ಇರಲಿಲ್ಲ, ಬೆಳ್ಳಿ ತೂಗಿ ಕೊಡುತ್ತಿದ್ದರು. ಕುಳ, ಗುದ್ದಲಿ ಹರಿತ ಮಾಡಲು ಫಿಲಿಷ್ಟಿಯ ಕಮ್ಮಾರ ಕೇಳುತ್ತಿದ್ದ ಕೂಲಿ ಒಂದು ಪೀಮ್ ಬೆಳ್ಳಿ. ಜಾಸ್ತಿಯೋ ಕಮ್ಮಿಯೋ? ನ್ಯಾಯಸ್ಥಾಪಕರ ಪುಸ್ತಕದ 17ನೇ ಅಧ್ಯಾಯದಲ್ಲಿ ಮೀಕ ಅನ್ನುವವನು ಒಬ್ಬ ಲೇವಿಯನನ್ನು (ದೇವರ ಸೇವೆಯ ಕುಲದವನನ್ನು) ಪೂಜಾರಿಯಾಗಿ ಇಟ್ಟುಕೊಳ್ಳುತ್ತಾನೆ. ಸಂಬಳ ವರ್ಷಕ್ಕೆ 10 ಶೆಕೆಲ್, ಊಟ ಬಟ್ಟೆ ಬೇರೆ. ಆ ಲೆಕ್ಕದಲ್ಲಿ ಒಂದು ಪೀಮ್ ಅಂದರೆ ಮೂರು ವಾರಕ್ಕೂ ಮೀರಿದ ಸಂಬಳ. ಕುಳ ಹರಿತ ಮಾಡಿಸಲು! ಇದು ಹಗಲು ದರೋಡೆ ಅಂತ ಬರೆದವನು ಗೊಣಗುತ್ತಿದ್ದಾನೆ. ‘ಅರ ಇತ್ತು’ ಅಂದಾಗ ಆ ಸಿಟ್ಟೇ ಕಾಣದಂತಾಗಿತ್ತು.

ಹಾಗಂತ ಹಳಬರನ್ನು ನಗೆಯಾಡಬೇಡಿ. ಜೆಕರ್ಯನ ಪುಸ್ತಕದ 13:8ರಲ್ಲಿ ‘ಪಿ ಶ್ನಾಯಿಮ್’, ಅಕ್ಷರಶಃ ‘ಎರಡರ ಬಾಯಿ’, ಮೂರನೇ ಎರಡು ಪಾಲು ಅನ್ನುವ ಅರ್ಥದಲ್ಲೇ ಬಂದಿದೆ. ಪೀಮ್ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು ಅಂತ ಹಲವು ವಿದ್ವಾಂಸರ ಊಹೆ. ಬಾಯಿ ಸರಿಯಾಗೇ ಸಿಕ್ಕಿತ್ತು, ಯಾವ ಬಾಯಿ ಅನ್ನುವುದು ತಪ್ಪಿತ್ತು.

ನನಗೆ ತಲೆ ಕೆಡುವುದು ವಾಟ್ಸಾಪ್ ಪಂಡಿತರಿಂದ. ಒಂದು ಕಡೆಯವರಿಗೆ ಈ ಕಲ್ಲು ಸಿಕ್ಕಿದ್ದೇ ಬೈಬಲ್‌ನ ಪ್ರತಿ ಅಕ್ಷರವೂ ನಿಜ ಅನ್ನುವುದಕ್ಕೆ ಪುರಾವೆ. ಇನ್ನೊಂದು ಕಡೆಯವರಿಗೆ ಅನುವಾದಕರು ಬೇಕೆಂದೇ ತಿರುಚಿದರು. ಎರಡೂ ಬುರುಡೆ. ಸೌಲನ ಕಾಲ ಕ್ರಿ.ಪೂ. 1000ದ ಆಸುಪಾಸು ಅನ್ನುತ್ತಾರೆ. ಈ ಕಲ್ಲುಗಳು ಹೆಚ್ಚಾಗಿ ಕ್ರಿ.ಪೂ. 8ರಿಂದ 6ನೇ ಶತಮಾನದ ಶುರುವಿನವು, ಯೆಹೂದ ರಾಜ್ಯದವು. ಸೌಲನ ಕಾಲದ ಕಮ್ಮಾರ ನಿಜಕ್ಕೂ ಎಷ್ಟು ತೆಗೆದುಕೊಂಡ ಅಂತ ಇವು ಹೇಳಲಾರವು. ಕಥೆ ಬರೆದವನಿಗೆ ಪೀಮ್ ದಿನನಿತ್ಯದ ಮಾತಾಗಿತ್ತು, ಓದುಗರಿಗೆ ವಿವರಿಸುವ ಗೋಜಿಗೂ ಅವನು ಹೋಗಲಿಲ್ಲ ಅನ್ನುವುದಷ್ಟೇ ಇವುಗಳಿಂದ ಗೊತ್ತಾಗುವುದು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮನ್ನು ನೆಲಸಮ ಮಾಡಿದ ಮೇಲೆ ಈ ತೂಕಗಳೂ ಮರೆಯಾದವು, ಪದವೂ ಮರೆತುಹೋಯಿತು.

ಅದೇ ವಾಕ್ಯದಲ್ಲಿ ‘ಶ್ಲೋಶ್ ಕಿಲ್ಶೋನ್’ ಅಂತ ಇನ್ನೊಂದು ಗಂಟು ಇದೆ. ಕೆಲವರು ಮೂರು ಹಲ್ಲಿನ ಕವೆಗೋಲು ಅನ್ನುತ್ತಾರೆ, ಕೆಲವರು ಶೆಕೆಲ್‌ನ ಮೂರನೇ ಒಂದು ಪಾಲು ಕೂಲಿ ಅನ್ನುತ್ತಾರೆ. ಅದರ ಹೆಸರು ಕೊರೆದ ಕಲ್ಲು ಮಾತ್ರ ಇನ್ನೂ ಸಿಕ್ಕಿಲ್ಲ.