ಕೇಳಿದಾಗ ಮಾತ್ರ ಮಾತಾಡುವ ಟರ್ಮಿನಲ್

ಐಬಿಎಂನ ದೊಡ್ಡ ಕಂಪ್ಯೂಟರ್‌ಗೆ (ಮೇನ್‌ಫ್ರೇಮ್) ಜೋಡಿಸಿದ 3278 ಟರ್ಮಿನಲ್ ಮುಂದೆ ಕೂತು ಕೆಲಸ ಮಾಡಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಎಂಟರ್ ಒತ್ತಿದ ತಕ್ಷಣ ಕೀಬೋರ್ಡ್ ಲಾಕ್ ಆಗುತ್ತದೆ. ಪರದೆಯ ಕೆಳಗಿನ ಸಾಲಿನಲ್ಲಿ ಒಂದು ಎಕ್ಸ್, ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು. ಉತ್ತರ ಬರುವ ತನಕ ಏನೂ ಟೈಪ್ ಮಾಡುವ ಹಾಗಿಲ್ಲ. "ನಾನು ಕಳಿಸಿ ಆಯ್ತು, ಮೇನ್‌ಫ್ರೇಮೇ ಲೇಟ್ ಮಾಡ್ತಿದೆ" ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಆ ಕ್ಷಣಕ್ಕೆ ದೂರದ ಲೈನಿನ ಮೇಲೆ ಒಂದು ಅಕ್ಷರವೂ ಹೋಗಿರುವುದಿಲ್ಲ. ಎಂಟರ್ ಒತ್ತುವುದು ಅಂದರೆ ಕಳಿಸುವುದಲ್ಲ, ಕೈ ಎತ್ತಿ ನಿಲ್ಲುವುದು. ಆ ಕಡೆಯಿಂದ "ನಿನ್ನ ಹತ್ತಿರ ಏನಾದರೂ ಇದೆಯಾ?" ಅಂತ ಕೇಳಿದ ಮೇಲೆಯೇ ಮಾತು ಹೊರಡುತ್ತದೆ.

ಹೀಗೆ ಸರದಿಯಲ್ಲಿ ಕೇಳುತ್ತಾ ಹೋಗುವುದಕ್ಕೇ ಪೋಲಿಂಗ್ ಅನ್ನುತ್ತಾರೆ. ಇದು ಬೇಕಾದದ್ದು ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಟೆಲಿಫೋನ್ ಲೈನ್, ದುಬಾರಿಯಾಗಿದ್ದರಿಂದ. ಒಂದೇ ಲೈನಿಗೆ ಬೇರೆ ಬೇರೆ ಜಾಗದ, ಅಲ್ಲಿನ ಟರ್ಮಿನಲ್‌ಗಳನ್ನು ನೋಡಿಕೊಳ್ಳುವ ಹತ್ತು ಕಂಟ್ರೋಲರ್‌ಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅದಕ್ಕೆ ಮಲ್ಟಿಡ್ರಾಪ್ ಲೈನ್ ಅಂತ ಹೆಸರು. ಒಂದೊಂದು ಕಂಟ್ರೋಲರ್ ಹಿಂದೆ 32ರವರೆಗೆ ಟರ್ಮಿನಲ್, ಪ್ರಿಂಟರ್‌ಗಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದ್ದೂ ಕೆಡುತ್ತದೆ. ಹಾಗಾಗಿ ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರನ್ನೇ ಕೇಳುವುದು. ಈ ಹಾಜರಿ ಪಟ್ಟಿಯನ್ನು ಮೇನ್‌ಫ್ರೇಮೇ ಇಟ್ಟುಕೊಳ್ಳಬೇಕು ಅಂತಿಲ್ಲ. ಅದರ ಮುಂದೆ ಕೂರುವ 3705ರಂಥ ಫ್ರಂಟ್ ಎಂಡ್ ಪ್ರೊಸೆಸರ್ ಈ ಕೆಲಸ ವಹಿಸಿಕೊಂಡರೆ, ಸುಮ್ನೆ ಕೇಳುತ್ತಾ ಕೂರುವ ಹೊರೆ ದೊಡ್ಡ ಯಂತ್ರದ ಮೇಲೆ ಬೀಳುವುದಿಲ್ಲ.

ಲೈನಿನ ಮೇಲೆ ಹೋಗುವ ಅಕ್ಷರಗಳನ್ನು ತೋರಿಸುವ ಅನಲೈಸರ್ ಹಾಕಿ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. 1967ರ ಬೈಸಿಂಕ್ ಪ್ರೋಟೋಕಾಲ್ (ಲೈನಿನಲ್ಲಿ ಮಾತಾಡುವ ನಿಯಮ) ಓಡುತ್ತಿರುವ ಲೈನಿನಲ್ಲಿ ಒಂದು ಪೋಲ್, ಅಕ್ಷರಗಳ ಹೆಕ್ಸ್ ಕೋಡ್‌ನಲ್ಲಿ, ಹೀಗಿರುತ್ತದೆ: ಮೊದಲು 37, ಅಂದರೆ ಹಿಂದಿನ ಮಾತು ಮುಗಿಯಿತು, ಎಲ್ಲರೂ ಕೇಳಿಸಿಕೊಳ್ಳಿ ಅಂತ. ಆಮೇಲೆ 32 32, ಇದು ತಾಳ ಹೊಂದಿಸಿಕೊಳ್ಳಲು. ನಂತರ 40 40, ಮೊದಲನೇ ಕಂಟ್ರೋಲರ್‌ನ ವಿಳಾಸ. 7ಎಫ್ 7ಎಫ್ ಅಂದರೆ "ನಿನ್ನ ಹಿಂದಿರುವ ಯಾವ ಟರ್ಮಿನಲ್ ಆದರೂ ಸರಿ". ಕೊನೆಗೆ 2ಡಿ. ಅದೇ ಪ್ರಶ್ನೆ. ವಿಳಾಸಗಳನ್ನು ಎರಡೆರಡು ಸಲ ಯಾಕೆ ಹೇಳಬೇಕು? ಡೇಟಾ ಬ್ಲಾಕಿನ ಕೊನೆಗೆ ಬರುವಂಥ ತಪ್ಪು ಹಿಡಿಯುವ ಚೆಕ್ ಪೋಲ್ ಸಾಲಿಗೆ ಇಲ್ಲ. ಎರಡೂ ಸಲ ಒಂದೇ ವಿಳಾಸ ಕೇಳಿಸಿದರೆ ಮಾತ್ರ ಕಂಟ್ರೋಲರ್ "ನನ್ನನ್ನೇ ಕರೆದದ್ದು" ಅಂತ ನಂಬುತ್ತದೆ. ಎಷ್ಟು ಸರಳ ಉಪಾಯ ಅಲ್ವಾ?

ಹೇಳಲು ಏನೂ ಇಲ್ಲದಿದ್ದರೆ ಕಂಟ್ರೋಲರ್ ಸುಮ್ಮನಿರುವುದಿಲ್ಲ. ಅದೂ ಒಂದು 37 ಕಳಿಸುತ್ತದೆ. "ಇದ್ದೇನೆ, ಆದರೆ ಏನೂ ಇಲ್ಲ" ಅಂತ ಅದರ ಅರ್ಥ. ಈ ಒಂದು ಅಕ್ಷರದ ಬೆಲೆ ಏನು ಅಂತ ಮುಂದೆ ಹೇಳುತ್ತೇನೆ.

ಹೇಳಲು ಇದ್ದರೆ? ಆಪರೇಟರ್ ಒಂದು ಖಾನೆಯಲ್ಲಿ 8 ಅಂಕಿ ತುಂಬಿ ಎಂಟರ್ ಒತ್ತಿದ್ದಾರೆ ಅಂದುಕೊಳ್ಳಿ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920 ಜಾಗ. ಅಷ್ಟೂ ಹೋಗುವುದಿಲ್ಲ. ಮುಟ್ಟಿದ ಖಾನೆಗೆ ಮಾತ್ರ ಒಂದು ಗುರುತು ಬಿದ್ದಿರುತ್ತದೆ, ಅದರ ಡೇಟಾ ಮಾತ್ರ ಹೊರಡುತ್ತದೆ. ಕಂಟ್ರೋಲರ್ ಮತ್ತು ಟರ್ಮಿನಲ್ ವಿಳಾಸ, ಎಂಟರ್ ಕೀಗೆ 7ಡಿ, ಕರ್ಸರ್ ಎಲ್ಲಿದೆ, ಖಾನೆ ಎಲ್ಲಿ ಶುರು, ಆ 8 ಅಂಕಿ, ಕೊನೆಗೆ ಚೆಕ್. ತಾಳದ ಅಕ್ಷರಗಳನ್ನು ಬಿಟ್ಟು ಎಣಿಸಿದರೆ 20 ಅಕ್ಷರ. ಸೆಕೆಂಡಿಗೆ 2400 ಬಿಟ್, ಅಂದರೆ 300 ಅಕ್ಷರ, ಹೋಗುವ ಲೈನಿನಲ್ಲಿ ಪೂರ್ತಿ ಪರದೆ ಕಳಿಸಲು 6.4 ಸೆಕೆಂಡ್ ಬೇಕು. ಈ 20 ಅಕ್ಷರಕ್ಕೆ ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಅಷ್ಟು ನಿಧಾನದ ಲೈನಿನಲ್ಲಿ ಅಷ್ಟೊಂದು ಜನ ಕೆಲಸ ಮಾಡಲು ಆಗುತ್ತಿದ್ದದ್ದು ಇದರಿಂದಲೇ. 1971ರಲ್ಲಿ 3270, ಅಂದರೆ ಈ ಟರ್ಮಿನಲ್ ಕುಟುಂಬ, ರೂಪಿಸಿದವರ ಈ ಜಿಪುಣತನದ ಬಗ್ಗೆ ನನಗೆ ಇವತ್ತಿಗೂ ತುಂಬಾ ಗೌರವ ಇದೆ.

ಮೇನ್‌ಫ್ರೇಮ್ ಕಡೆಯಿಂದ ಹೊಸ ಪರದೆ ಕಳಿಸುವುದಕ್ಕೆ ಬೇರೆ ದಾರಿ. ಅದಕ್ಕೆ ಸೆಲೆಕ್ಟ್ ಅನ್ನುತ್ತಾರೆ. ಅದೇ ಕಂಟ್ರೋಲರ್‌ಗೆ ಸೆಲೆಕ್ಟ್ ಮಾಡುವಾಗ 40ರ ಬದಲು 60 ಅನ್ನುವ ವಿಳಾಸ. "ತಗೊಳ್ಳಲು ರೆಡಿಯಾ?" ಅಂತ ಕೇಳಿ, ಹೂಂ ಅಂದ ಮೇಲೆ ಕಳಿಸುವುದು. ಕೀಬೋರ್ಡ್ ಲಾಕ್ ತೆಗೆಯುವ ಸೂಚನೆಯೂ ಇದರ ಜೊತೆಗೇ ಬರುತ್ತದೆ.

ಈಗ ಆ 37ರ ವಿಷಯ. 2400 ಬಿಟ್ ಲೈನಿನಲ್ಲಿ ಒಂದು ಪೋಲ್‌ಗೆ ಹಿಂದೆ ಮುಂದೆ ಸೇರುವ ತಾಳದ ಅಕ್ಷರಗಳೂ ಸೇರಿ ಸುಮಾರು 12 ಅಕ್ಷರ, 40 ಮಿಲಿಸೆಕೆಂಡ್. ಉತ್ತರಕ್ಕೆ ಇನ್ನೊಂದಿಷ್ಟು, ಮೋಡೆಮ್ ಕ್ಯಾರಿಯರ್ (ಡೇಟಾ ಹೊತ್ತೊಯ್ಯುವ ಸಿಗ್ನಲ್) ಎತ್ತಿಕೊಳ್ಳಲು ಇನ್ನೊಂದಿಷ್ಟು. ಎಲ್ಲ ಸೇರಿ 70 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಯಾರೂ ಏನೂ ಕಳಿಸದಿದ್ದರೆ ಹತ್ತು ಕಂಟ್ರೋಲರ್‌ಗಳ ಒಂದು ಸುತ್ತು ಮುಕ್ಕಾಲು ಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಒಂದು ಕಂಟ್ರೋಲರ್ ಉತ್ತರವನ್ನೇ ಕೊಡದಿದ್ದರೆ? ಬೈಸಿಂಕ್‌ನಲ್ಲಿ ಕಾಯುವ ಹೊತ್ತು 3 ಸೆಕೆಂಡ್. ಒಂದೇ ಒಂದು ಮೌನದಿಂದ ಸುತ್ತಿನ ಸಮಯ ಐದು ಪಟ್ಟು ಜಾಸ್ತಿ.

ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ ಇದನ್ನು ಕಣ್ಣಾರೆ ಕಂಡೆ. ಒಂದು ಲೈನಿನಲ್ಲಿದ್ದ ಎಲ್ಲ ಕಡೆಯಿಂದಲೂ "ತುಂಬಾ ಸ್ಲೋ" ಅಂತ ದೂರು. ಮೋಡೆಮ್ ಬದಲಿಸಿದೆವು, ಲೈನ್ ಟೆಸ್ಟ್ ಮಾಡಿಸಿದೆವು. ಎಲ್ಲವೂ ಸರಿ ಇತ್ತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ದೂರಿನ ಪಟ್ಟಿ ನೋಡಿ, "ಯಾರು ಕಂಪ್ಲೇಂಟ್ ಮಾಡಿಲ್ಲ, ಅದನ್ನ ಮೊದಲು ನೋಡಪ್ಪ" ಅಂದರು. ಒಂದು ಕಚೇರಿಯಿಂದ ದೂರು ಬಂದಿರಲಿಲ್ಲ. ಅಲ್ಲಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. ಕಂಟ್ರೋಲರ್‌ನ ಕರೆಂಟ್ ತೆಗೆದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅನಲೈಸರ್‌ನಲ್ಲಿ ನೋಡಿದರೆ ಆ ವಿಳಾಸಕ್ಕೆ ಪೋಲ್ ಹೋಗುತ್ತದೆ, ಪರದೆ ಮೂರು ಸೆಕೆಂಡ್ ಖಾಲಿ, ಮತ್ತೆ ಅದೇ ವಿಳಾಸಕ್ಕೆ ಪೋಲ್. ಪಟ್ಟಿಯಿಂದ ಆ ವಿಳಾಸ ತೆಗೆದ ಕೂಡಲೇ ಉಳಿದವರ ಪರದೆಗಳು ಚುರುಕಾದವು. ಅಂದಿನಿಂದ ಯಾವ ಲೈನ್ ನೋಡಲು ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಇಲ್ಲಿ "ಏನೂ ಇಲ್ಲ" ಅನ್ನುತ್ತಿರುವವರು ಯಾರು, ಉತ್ತರವನ್ನೇ ಕೊಡದವರು ಯಾರು?

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ. ಒಂದು ಕಡೆಯ ಮೋಡೆಮ್ ಕೆಟ್ಟು ಕ್ಯಾರಿಯರ್ ಕೆಳಗಿಳಿಸದೆ ಹಾಗೇ ಹಿಡಿದು ನಿಂತರೆ, ಬೇರೆ ಯಾರ ಉತ್ತರವೂ ವಾಪಸ್ ಬರುವುದಿಲ್ಲ. ಸ್ಟ್ರೀಮಿಂಗ್ ಅಂತ ಕರೆಯುತ್ತೇವೆ. ಒಂದೊಂದೇ ಮೋಡೆಮ್ ಕಳಚಿ ನೋಡುವುದೇ ಅದಕ್ಕೆ ದಾರಿ.

ಕಟ್ಟಡದ ಒಳಗೂ ಇದೇ ಕಥೆ. 3274 ಕಂಟ್ರೋಲರ್‌ನಿಂದ 3278 ಟರ್ಮಿನಲ್‌ಗೆ ಕೋಆಕ್ಸ್ ಕೇಬಲ್ ಇರುತ್ತದೆ, ಸೆಕೆಂಡಿಗೆ 23 ಲಕ್ಷಕ್ಕೂ ಜಾಸ್ತಿ ಬಿಟ್ ಹೋಗುವಂಥದ್ದು. ಅದರ ಮೇಲೂ ಕಂಟ್ರೋಲರ್ ಬಿಡದೆ ಕೇಳುತ್ತಲೇ ಇರುತ್ತದೆ. ಒಂದು ಕೀ ಒತ್ತಿದರೂ ಟರ್ಮಿನಲ್ ತಾನಾಗಿ ಹೇಳುವುದಿಲ್ಲ, ಕೇಳಿದಾಗ ಆ ಕೀಯ ಕೋಡ್ ಕೊಡುತ್ತದೆ.

1974ರಲ್ಲಿ ಐಬಿಎಂ ತನ್ನ ನೆಟ್‌ವರ್ಕ್ ವಿನ್ಯಾಸವಾದ ಎಸ್‌ಎನ್‌ಎ ಪ್ರಕಟಿಸಿತು. ಅದರ ಜೊತೆಗೆ ಬಂದ ಹೊಸ ಲೈನ್ ಪ್ರೋಟೋಕಾಲ್ ಎಸ್‌ಡಿಎಲ್‌ಸಿ ಪೋಲಿಂಗನ್ನು ಬಿಡಲಿಲ್ಲ, ಚೊಕ್ಕ ಮಾಡಿತು. ಪ್ರತಿ ಫ್ರೇಮ್‌ನಲ್ಲಿ (ಅಂದರೆ ಡೇಟಾ ಕಂತೆಯಲ್ಲಿ) ಒಂದು ಬಿಟ್ ಇದೆ. ಅದು 1 ಆದರೆ "ಈಗ ನಿನ್ನ ಸರದಿ" ಅಂತ. ಬೈಸಿಂಕ್‌ನಲ್ಲಿ ಪ್ರತಿ ಬ್ಲಾಕಿಗೂ ಒಪ್ಪಿಗೆ ಕಾಯಬೇಕಿತ್ತು. ಇಲ್ಲಿ ಒಂದೇ ಉಸಿರಿಗೆ 7 ಫ್ರೇಮ್ ಕಳಿಸಬಹುದು. ಪೋಲ್ ಫ್ರೇಮಿಗೂ ಚೆಕ್ ಬಂತು, ವಿಳಾಸ ಎರಡು ಸಲ ಹೇಳುವ ಅಗತ್ಯ ತಪ್ಪಿತು. ಹೇಳಲು ಏನೂ ಇಲ್ಲದಾಗ ಆರ್‌ಆರ್ ಅನ್ನುವ ಫ್ರೇಮ್, ಹಳೆಯ 37ರ ಜಾಗದಲ್ಲಿ.

ತೊಡಕು ಶುರುವಾದದ್ದು ಈ ಲೈನುಗಳನ್ನು ಐಪಿ ನೆಟ್‌ವರ್ಕ್ ಮೇಲೆ ಸಾಗಿಸಲು ಹೊರಟಾಗ. ದೂರದ ದಾರಿಯಲ್ಲಿ ಪ್ರತಿ ಪೋಲ್ ಹೋಗಿ ಬರುವಷ್ಟರಲ್ಲಿ ಟೈಮ್‌ಔಟ್ ಆಗಿಬಿಡಬಹುದು. ಹಾಗಾಗಿ 1995ರ ಆರ್‌ಎಫ್‌ಸಿ 1795 ಎಂಬ ಇಂಟರ್ನೆಟ್ ದಾಖಲೆಯಲ್ಲಿರುವ ಡಿಎಲ್‌ಎಸ್‌ಡಬ್ಲ್ಯೂನಂಥ ವಿಧಾನಗಳಲ್ಲಿ ಹೋಸ್ಟ್ (ಮೇನ್‌ಫ್ರೇಮ್) ಪಕ್ಕದ ರೌಟರೇ "ಏನೂ ಇಲ್ಲ" ಅಂತ ಉತ್ತರಿಸುತ್ತದೆ, ಆಚೆ ಬದಿಯ ರೌಟರ್ ತಾನೇ ಪೋಲ್ ಮಾಡುತ್ತದೆ. ಒಳ್ಳೆಯ ಏರ್ಪಾಡು. ಆದರೆ ಈಗ ಆರ್‌ಆರ್ ಕಂಡ ಮಾತ್ರಕ್ಕೆ ಕಂಟ್ರೋಲರ್ ಜೀವಂತ ಇದೆ ಅಂತ ನಂಬುವ ಹಾಗಿಲ್ಲ. ಹಳಬರು ಹೋಸ್ಟ್ ಕಡೆಯ ಟ್ರೇಸ್ (ಲೈನಿನಲ್ಲಿ ಹೋದದ್ದರ ದಾಖಲೆ) ಮಾತ್ರ ನೋಡಿ ಮೋಸ ಹೋಗುವುದು ಇಲ್ಲೇ. ಎರಡೂ ಬದಿಯ ಟ್ರೇಸ್ ಕೇಳಿ ತರಿಸಿಕೊಳ್ಳಿ.

ಇವತ್ತು ಪರದೆ ಅಂದರೆ ಟಿಎನ್3270 ಎಮ್ಯುಲೇಟರ್, ಐಪಿ ನೆಟ್‌ವರ್ಕ್ ಮೇಲೆ ಹಳೆಯ ಟರ್ಮಿನಲ್ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂ. ಲೈನಿನ ಪೋಲಿಂಗ್ ಪೂರ್ತಿ ಹೋಯಿತು. ಎಂಟರ್ ಒತ್ತಿದರೆ ಈಗ ನಿಜವಾಗಿಯೂ ಹೋಗುತ್ತದೆ. ಹೋಗುವುದು ಅದೇ 7ಡಿ, ಅದೇ ಕರ್ಸರ್ ವಿಳಾಸ, ಅದೇ ಮುಟ್ಟಿದ ಖಾನೆಗಳು. ಆದರೆ ಯಾರೂ ಕೇಳದಿದ್ದರೆ ಸತ್ತವರು ಯಾರು ಅಂತ ತಿಳಿಯುವುದು ಹೇಗೆ? ಬಳಕೆದಾರರ ಕಂಪ್ಯೂಟರ್ ಕರೆಂಟ್ ಹೋಗಿ ನಿಂತರೂ ಸರ್ವರ್‌ನಲ್ಲಿ ಆ ಸೆಷನ್ ಹಾಗೇ ಕೂತಿರುತ್ತದೆ, ಅವರು ಮತ್ತೆ ಲಾಗಿನ್ ಆಗಲು ಹೋದರೆ ಅವರ ಹೆಸರಿನ ಟರ್ಮಿನಲ್ ಖಾಲಿ ಇರುವುದಿಲ್ಲ. ಅದಕ್ಕೇ ಟಿಎನ್3270 ಸರ್ವರ್‌ಗಳಲ್ಲಿ ಟೈಮ್‌ಮಾರ್ಕ್ ಅನ್ನುವ ಸೆಟ್ಟಿಂಗ್ ಇದೆ. ಇಷ್ಟು ಹೊತ್ತು ಸುಮ್ಮನಿದ್ದವರಿಗೆ ಸರ್ವರ್ ಒಂದು ಟೈಮಿಂಗ್ ಮಾರ್ಕ್ ಕಳಿಸಿ "ಇದ್ದೀಯಾ?" ಅಂತ ಕೇಳುತ್ತದೆ. ಉತ್ತರ ಬರದಿದ್ದರೆ ಸೆಷನ್ ಕಡಿದು ಜಾಗ ಖಾಲಿ ಮಾಡುತ್ತದೆ.