ಅದು ಮ್ಯಾಂಟಿಸ್ ಮರಿ ಅಲ್ಲ, ತಿಗಣೆ

ಪ್ರಶ್ನೆ: ಜೇಡರ ಬಲೆಯ ಮೇಲೆ ನೂಲಿನಂತೆ ತೆಳ್ಳಗಿರುವ ಹುಳು ನೋಡಿದೆ. ಮುಂಗಾಲು ಮಡಚಿಕೊಂಡು ಕೂತಿತ್ತು. ಮುಂಗಾಲಿನಿಂದ ಬೇಟೆ ಹಿಡಿಯುವ ಮ್ಯಾಂಟಿಸ್ ಕೀಟದ ಮರಿ ಅಲ್ವಾ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವೇ ಇಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಅದು ತಿಗಣೆ. ಹಾಸಿಗೆಯದಲ್ಲ, ಚುಚ್ಚಿ ಹೀರುವ ಕೀಟಗಳ ದೊಡ್ಡ ಗುಂಪಿಗೆ ಸೇರಿದ್ದು. ಹೆಮಿಪ್ಟೆರಾ ಗಣ, ಹಂತಕ ತಿಗಣೆಗಳ ರೆಡುವಿಡೇ ಕುಟುಂಬ, ಅದರೊಳಗೆ ಎಮೆಸಿನೇ ಎಂಬ ಉಪಕುಟುಂಬ. ಇದರಲ್ಲಿ 900ಕ್ಕೂ ಜಾಸ್ತಿ ಪ್ರಭೇದಗಳಿವೆ. ಕೀಟತಜ್ಞ ಪೆಡ್ರೊ ವಿಗೊಡ್ಜಿನ್ಸ್ಕಿ 1966ರಲ್ಲಿ ಇವುಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು.

ಮುಂಗಾಲು ನೋಡಿ ಮೋಸ ಹೋಗಬೇಡಿ. ಬಾಯಿ ನೋಡಿ. ಮ್ಯಾಂಟಿಸ್‌ಗೆ ದವಡೆ ಇದೆ, ಅದು ಕಚ್ಚಿ ಅಗಿದು ತಿನ್ನುತ್ತದೆ. ತಿಗಣೆಗೆ ಇರುವುದು ತಲೆಯ ಕೆಳಗೆ ಬಾಗಿದ ಚೂಪು ಕೊಳವೆ. ಅದನ್ನು ಬೇಟೆಗೆ ಚುಚ್ಚಿ, ಜೊಲ್ಲು ಬಿಟ್ಟು, ಒಳಗಿನದನ್ನು ಕರಗಿಸಿ ಹೀರುತ್ತದೆ. ಆಂಟೆನಾ ಕೂಡ ಬೇರೆ. ತಿಗಣೆಯದರಲ್ಲಿ ನಾಲ್ಕೇ ತುಂಡು, ಮ್ಯಾಂಟಿಸ್‌ನದರಲ್ಲಿ ಸಣ್ಣ ಸಣ್ಣ ತುಂಡುಗಳು ತುಂಬ.

ಇನ್ನೂ ನಂಬಿಕೆ ಬರಲಿಲ್ಲವೇ? ಹಾಗಾದರೆ ರೆಕ್ಕೆ ನೋಡಿ. ಮ್ಯಾಂಟಿಸ್ ಮರಿಗೆ ಪೂರ್ತಿ ರೆಕ್ಕೆ ಇರುವುದಿಲ್ಲ, ಅದು ಬರುವುದು ಕೊನೆಯ ಸಲ ಪೊರೆ ಬಿಟ್ಟ ಮೇಲೆ. ನೀವು ನೋಡಿದ ಪುಟ್ಟ ಹುಳುವಿಗೆ ಪೂರ್ತಿ ರೆಕ್ಕೆ ಇದ್ದರೆ ಅದು ಬೆಳೆದು ನಿಂತ ಹುಳು. ಮರಿ ಆಗಲು ಸಾಧ್ಯವೇ ಇಲ್ಲ. ಈ ಗುಂಪಿನಲ್ಲಿ ರೆಕ್ಕೆ ಇಲ್ಲದವೂ ಇವೆ, ಅವುಗಳಿಗೆ ಬಾಯಿಯ ಪರೀಕ್ಷೆಯೇ ಸಾಕು.

ಸಂಬಂಧ ಕೇಳಿದರೆ, ಮ್ಯಾಂಟಿಸ್‌ಗೆ ಹತ್ತಿರದ ನೆಂಟ ಜಿರಳೆ. ನಮ್ಮ ಹುಳುವಿಗೆ ಹಾಸಿಗೆಯ ತಿಗಣೆಯೇ ಹೆಚ್ಚು ಹತ್ತಿರ. ಮತ್ತೆ ಕಾಲು ಒಂದೇ ಥರ ಯಾಕೆ? ಬೇಟೆಯನ್ನು ಗಬಕ್ಕನೆ ಹಿಡಿಯಲು ಮಡಚುವ ಕಾಲು ಅನುಕೂಲ. ಅದಕ್ಕೇ ಇಂಥ ಕಾಲು ಬೇರೆ ಬೇರೆ ಕೀಟಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿಕೊಂಡಿದೆ. ಮ್ಯಾಂಟಿಸ್ಪಿಡ್ ಅಂತ ಇನ್ನೊಂದು ಕೀಟವಿದೆ. ಅದಕ್ಕೂ ಇದೇ ಕಾಲು, ಅದೂ ಮ್ಯಾಂಟಿಸ್ ಅಲ್ಲ.

ಆದರೆ ಅದು ಜೇಡರ ಬಲೆಯಲ್ಲಿ ಏನು ಮಾಡುತ್ತಿತ್ತು ಅಂತ ಯಾರೂ ಕೇಳುವುದೇ ಇಲ್ಲ! ನನಗೆ ತುಂಬ ಇಷ್ಟವಾದ ವಿಷಯ ಅದೇ. ಇದೇ ಗುಂಪಿನ, ಆಸ್ಟ್ರೇಲಿಯಾದ ಸ್ಟೆನೊಲೆಮಸ್ ಬಿಟ್ಯುಬರಸ್ ಎಂಬ ತಿಗಣೆ ತಿನ್ನುವುದು ಜೇಡಗಳನ್ನು. ಬಲೆಯ ಎಳೆಯನ್ನು ಮುಂಗಾಲಿನಿಂದ ಮೆಲ್ಲಗೆ ಮೀಟುತ್ತದೆ. ಸಿಕ್ಕಿಬಿದ್ದ ಹುಳು ಸುಸ್ತಾಗಿ ಒದ್ದಾಡುತ್ತಿದೆ ಅಂದುಕೊಂಡು ಜೇಡ ತಾನಾಗಿಯೇ ಬರುತ್ತದೆ. ಕೆಲವು ಸಲ ಮೀಟುವುದಿಲ್ಲ, ಒಂದೊಂದೇ ಹೆಜ್ಜೆ ಇಟ್ಟು ಜೇಡದ ಬಳಿಗೇ ಹೋಗುತ್ತದೆ. ಗಾಳಿಗೆ ಬಲೆ ಅಲ್ಲಾಡುವಾಗ ಜಾಸ್ತಿ ಮುಂದೆ ಸರಿಯುತ್ತದೆ, ಆ ಅಲುಗಾಟದಲ್ಲಿ ಹೆಜ್ಜೆಯ ಸುಳಿವು ಸಿಗುವುದಿಲ್ಲ. ಹತ್ತಿರ ಹೋದ ಮೇಲೆ ಆಂಟೆನಾದಿಂದ ಜೇಡವನ್ನು ಮೆತ್ತಗೆ ತಟ್ಟುತ್ತದೆ, ಆಮೇಲೆ ಚುಚ್ಚುತ್ತದೆ.

ಲೆಕ್ಕ ತಪ್ಪಿದ ದಿನ ಜೇಡವೇ ಅದನ್ನು ತಿನ್ನುವುದೂ ಉಂಟು.